ನಾಲ್ವರು ಕೋಚ್‌ಗಳ ಮನೆ

ಬೇರೆ ಮನೆಗಳಲ್ಲಿ ಹಳೆಯ ಕಾಲವನ್ನು ಹೆರಿಗೆಗಳಿಂದ, ಸಾವುಗಳಿಂದ, ಬಾಡಿಗೆ ಮನೆ ಬದಲಿಸಿದ್ದರಿಂದ ಗುರುತಿಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಕೋಚ್‌ಗಳಿಂದ ಗುರುತಿಡುತ್ತಿದ್ದೆವು. ಅಡುಗೆಮನೆಯ ಕಿಟಕಿಯ ಗಾಜು ಒಡೆದದ್ದು ಕ್ರಾಮರನ ಕಾಲದಲ್ಲಿ. ನಾನು ಸೈಕಲ್ ಕಲಿತದ್ದು ಲಿಂಡೆಯ ಕಾಲದಲ್ಲಿ. ಬೈಲಹೊಂಗಲದಲ್ಲಿ ಅಜ್ಜಿ ತೀರಿಕೊಂಡು, ಅಪ್ಪ ಹೆತ್ತ ತಾಯಿಯ ಮಣ್ಣಿಗೆ ಹೋಗದೆ ಇಲ್ಲೇ ಉಳಿದದ್ದು ಟಿಲ್ ಬಂದ ಹೊಸತರಲ್ಲಿ. ಇವರು ಮೂವರೂ ಜರ್ಮನ್ನರು, ನಮಗೆ ಯಾವ ರೀತಿಯಲ್ಲೂ ಬಂಧುಗಳಲ್ಲ. ಆಖೆನ್‌ನಿಂದ ರೈಲಿನಲ್ಲಿ ಒಂದು ಗಂಟೆ ದೂರದ ಸಣ್ಣ ಊರಿನ ಇಂಜಿನಿಯರಿಂಗ್ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಒಬ್ಬರಾದ ಮೇಲೊಬ್ಬರು ಹೆಡ್ ಕೋಚ್ ಆಗಿದ್ದವರು. ನಮ್ಮಪ್ಪ ಮೂವರಿಗೂ ಅಸಿಸ್ಟೆಂಟ್ ಆಗಿದ್ದ.

ಅಪ್ಪನ ಹೆಸರು ರಾಜೇಸಾಬ ನದಾಫ. ಜರ್ಮನ್ನರ ಬಾಯಲ್ಲಿ ಅದು ರಾಜಾ ಆಗಿತ್ತು. ಅಜ್ಜನ ಕಾಲದವರೆಗೆ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ಮನೆತನ ನಮ್ಮದು; ನಮಾಜು ಮಾಡುವವರಾದರೂ ಮನೆಮಾತು ಕನ್ನಡವೇ. ಬೆಳಗಾವಿಯಲ್ಲಿ ಓದುವಾಗ ಅಪ್ಪ ಕಾಲೇಜು ತಂಡದಲ್ಲಿ ಎಡಬದಿಯಿಂದ ಓಡುವ ಆಟಗಾರನಾಗಿದ್ದನಂತೆ. ಮಾಸ್ಟರ್ಸ್ ಮಾಡಲು ಇಲ್ಲಿಗೆ ಬಂದವನು ಅದೇ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕೆ ನಿಂತ. ಲೋಹದ ಸರಳುಗಳನ್ನು ಯಂತ್ರಕ್ಕೆ ಕಟ್ಟಿ, ಮುರಿಯುವವರೆಗೆ ಎಳೆದು, ಎಷ್ಟು ಭಾರ ತಡೆಯಿತೆಂದು ಬರೆದಿಡುವ ಕೆಲಸ. ಅದು ಹೊಟ್ಟೆಪಾಡು. ಸಂಜೆ ಮೈದಾನಕ್ಕೆ ಹೋಗುವುದೇ ಅವನ ನಿಜವಾದ ಬದುಕು. ಅಲ್ಲಿ ಅವನಿಗೆ ಸಂಬಳವಿರಲಿಲ್ಲ, ಒಂದು ನೀಲಿ ಜಾಕೆಟ್ ಇತ್ತು. ಆ ಜಾಕೆಟ್ಟಿನ ಬೆನ್ನ ಮೇಲೆ ‘ಕೋ-ಟ್ರೈನರ್’, ಅಂದರೆ ಸಹಾಯಕ ಕೋಚ್, ಎಂದು ಬರೆದಿತ್ತು. ಅವ್ವ ಅದನ್ನು ಒಗೆಯುವಾಗಲೆಲ್ಲ ಆ ‘ಕೋ’ ಎಂಬುದರ ಮೇಲೆ ಬ್ರಷ್ಷು ಜೋರಾಗಿ ಆಡಿಸುತ್ತಿದ್ದಳು.

ನಮ್ಮದು ಮೂರನೇ ಮಹಡಿಯ ಮನೆ. ಮೇಲೆ ಇಳಿಜಾರು ಛಾವಣಿ. ಅಡುಗೆಮನೆಯಲ್ಲಿ ಅಪ್ಪ ನೆಟ್ಟಗೆ ನಿಂತರೆ ತಲೆ ತಾಗುತ್ತಿತ್ತು, ಹಾಗಾಗಿ ಅವನು ಅಲ್ಲಿ ಯಾವಾಗಲೂ ಕೂತೇ ಇರುತ್ತಿದ್ದ. ಬಾಗಿಲ ಬಳಿ ಹಳೆಯ ಪೇಪರ್ ಹಾಸಿ, ಅದರ ಮೇಲೆ ಕೆಸರು ಮೆತ್ತಿದ ಬೂಟುಗಳು. ನೋವಿನೆಣ್ಣೆಯ ವಾಸನೆಯೂ ಅವ್ವ ಬಡಿಯುವ ಜೋಳದ ರೊಟ್ಟಿಯ ವಾಸನೆಯೂ ಒಂದಕ್ಕೊಂದು ಬೆರೆತು, ನನ್ನ ಸ್ಕೂಲ್ ಬ್ಯಾಗಿನವರೆಗೂ ಹತ್ತಿಕೊಳ್ಳುತ್ತಿದ್ದವು. ತಂಡದ ಜರ್ಸಿಗಳನ್ನು ಒಗೆಯುವುದು ಅಸಿಸ್ಟೆಂಟಿನ ಜವಾಬ್ದಾರಿ. ಅಂದರೆ ಅವ್ವನ ಜವಾಬ್ದಾರಿ. ನೆಲಮಾಳಿಗೆಯ ಒಗೆಯುವ ಮಷೀನು ಕಟ್ಟಡದ ಎಲ್ಲರಿಗೂ ಸೇರಿದ್ದು. ಶನಿವಾರ ನಮ್ಮ ಪಾಳಿ ಬಂದರೆ ಮೊದಲು ಜರ್ಸಿಗಳು, ಆಮೇಲೆ ಹೊತ್ತುಳಿದರೆ ನಮ್ಮ ಬಟ್ಟೆಗಳು.

ಮೊದಲನೆಯವನು ಕ್ರಾಮರ್. ಅವನನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ, ಆದರೆ ಅವನ ದನಿ ನಮ್ಮ ಮನೆಯಲ್ಲಿ ಅಪ್ಪನ ಗಂಟಲಿನಿಂದ ಬರುತ್ತಿತ್ತು. ತಂಡ ಗೆಲ್ಲುತ್ತಿತ್ತು. ಕಾಲೇಜಿನ ಊಟದ ಹಾಲಿನ ಗಾಜಿನ ಕಪಾಟು ತುಂಬಿದ್ದು ಅವನ ಕಾಲದಲ್ಲೇ. ಜ್ವರವಿದ್ದವನನ್ನೂ ಆಡಿಸುತ್ತಿದ್ದ, ಉಪವಾಸವಿದ್ದ ಹುಡುಗನನ್ನೂ ಮೈದಾನ ಸುತ್ತಿಸುತ್ತಿದ್ದ. ಅಪ್ಪ ಇದನ್ನು ಮನೆಗೆ ಬಂದು ಬೆರಗಿನಿಂದ ಹೇಳುತ್ತಿದ್ದ. ನಿಧಾನವಾಗಿ ಮನೆಯೂ ಕ್ರಾಮರನ ತಂಡವಾಯಿತು. ಊಟ ಏಳಕ್ಕೆ. ತಡವಾದವರಿಗೆ ತಣ್ಣಗಿನ ರೊಟ್ಟಿ. ಅಣ್ಣ ಅನ್ವರ್ ನನಗಿಂತ ಐದು ವರ್ಷ ದೊಡ್ಡವನು. ಅವನು ಮನೆಯ ಮೂರೂ ಮಹಡಿಯ ಮೆಟ್ಟಿಲು ಓಡಿ ಹತ್ತಬೇಕು, ನಡೆದು ಬಂದರೆ ಮತ್ತೆ ಕೆಳಗಿಳಿಯಬೇಕು. ಊಟವಾದ ಮೇಲೆ ಅಪ್ಪ ನಮ್ಮಿಬ್ಬರನ್ನೂ ಕೂರಿಸಿ, ದಿನದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಿದ್ದ. ಕ್ರಾಮರ್ ಪಂದ್ಯ ಮುಗಿದ ಮೇಲೆ ಆಟಗಾರರಿಗೆ ಹಾಗೆಯೇ ಮಾಡುತ್ತಿದ್ದನಂತೆ. ಒಮ್ಮೆ ಕಾರ್ಲ್ಸ್‌ರುಹೆಗೆ ಹೋಗಿ ಸೋತು ಬಂದ ಸಂಜೆ ಅವ್ವ ‘ಆಟ ಅಂದ ಮ್ಯಾಲ ಸೋಲೂದು ಇದ್ದದ್ದ’ ಎಂದಳು. ಅಪ್ಪ ಕೈಯಲ್ಲಿದ್ದ ಸ್ಟೀಲಿನ ತಂಬಿಗೆ ಎಸೆದ. ಅದು ಯಾರಿಗೂ ತಾಗಲಿಲ್ಲ, ಕಿಟಕಿಗೆ ತಾಗಿತು. ಆ ಚಳಿಗಾಲದ ಬಹುಪಾಲು ನಾವು ಗಾಜಿನ ಜಾಗದಲ್ಲಿ ರಟ್ಟು ಅಂಟಿಸಿಕೊಂಡು ಅಡುಗೆ ಮಾಡಿದೆವು.

ಕ್ರಾಮರ್ ವಯಸ್ಸಾಗಿ ಬಿಟ್ಟ ಮೇಲೆ ಲಿಂಡೆ ಬಂದ. ಶಾಲೆಯೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ತೆಳ್ಳನೆಯ ಮನುಷ್ಯ. ಮೊದಲ ತಿಂಗಳಲ್ಲೇ ನಮ್ಮ ಮನೆಗೆ ಊಟಕ್ಕೆ ಬಂದು, ಅವ್ವನ ಹತ್ತಿರ ರೊಟ್ಟಿ ಬಡಿಯುವುದನ್ನು ಕಲಿಯಲು ಹೋಗಿ, ಹಿಟ್ಟನ್ನು ಮೊಣಕೈವರೆಗೆ ಮೆತ್ತಿಕೊಂಡು ನಕ್ಕ. ಅವ್ವನಿಗೆ ಜರ್ಮನ್ ಬರುತ್ತಿದ್ದುದು ಅಂಗಡಿಗೆ ಬೇಕಾದಷ್ಟು. ಲಿಂಡೆ ಅವಳೊಂದಿಗೆ ಒಂದೊಂದೇ ಪದ ಬಿಡಿಸಿ ಮಾತಾಡಿ, ಉತ್ತರ ಬರುವವರೆಗೆ ಕಾಯುತ್ತಿದ್ದ. ‘ಫ್ರೌ ನದಾಫ್, ನೀವು ಹೇಗಿದ್ದೀರಿ’ ಎಂದು ಈ ದೇಶದಲ್ಲಿ ಅವಳನ್ನು ಕೇಳಿ ಉತ್ತರಕ್ಕಾಗಿ ನಿಂತವನು ಅವನೊಬ್ಬನೇ ಎಂದು ಅವಳು ಬಹಳ ವರ್ಷಗಳ ನಂತರ ನನಗೆ ಹೇಳಿದಳು. ಆ ಕಾಲದಲ್ಲಿ ಅಪ್ಪನ ಭುಜಗಳು ಸಡಿಲವಾದವು. ತಪ್ಪು ಎಣಿಸುವ ಸಭೆ ತಾನಾಗಿಯೇ ನಿಂತಿತು. ಮೈದಾನದ ಪಕ್ಕದ ದಾರಿಯಲ್ಲಿ ಅಪ್ಪ ನನ್ನ ಸೈಕಲ್ಲಿನ ಹಿಂದೆ ಓಡುತ್ತ, ನಾನು ಬಿದ್ದಾಗ ನನಗಿಂತ ಮೊದಲು ತಾನೇ ‘ಅವ್ವಾ’ ಎನ್ನುತ್ತಿದ್ದ.

ಆದರೆ ತಂಡ ಸೋಲುತ್ತಿತ್ತು. ವಾರದ ಮೇಲೆ ವಾರ ಸೋಲುತ್ತಿತ್ತು. ಒಂದು ಪಂದ್ಯದಲ್ಲಿ, ಬದಲಿ ಆಟಗಾರರೆಲ್ಲ ಮುಗಿದ ಮೇಲೆ, ಒಬ್ಬ ಹುಡುಗನ ತಲೆಗೆ ಪೆಟ್ಟಾಯಿತು. ಹುಡುಗ ಎದ್ದು ನಿಂತು ಆಡುತ್ತೇನೆಂದ. ಲಿಂಡೆ ಅವನ ಕಣ್ಣು ನೋಡಿ, ಕೈ ಹಿಡಿದು ಹೊರಗೆ ಕರೆತಂದ. ಹತ್ತೇ ಜನ ಆಡಿ ಪಂದ್ಯ ಕಳೆದುಕೊಂಡರು. ಆ ಸಂಜೆ ಅಪ್ಪ ತಟ್ಟೆಯ ಮುಂದೆ ಕೂತು ತಲೆ ಅಲ್ಲಾಡಿಸಿದ.

“ಒಳ್ಳೆ ಮನಷ್ಯಾ ಅಂವ. ಇಲ್ಲಂತಿಲ್ಲ. ಆದ್ರ ಒಳ್ಳೇವ್ರಿಂದ ಕಪ್ ಬರಂಗಿಲ್ಲ.”

“ಆ ಹುಡುಗಗ ಹೆಂಗೈತಿ ಈಗ?” ಎಂದಳು ಅವ್ವ.

“ಯಾವ ಹುಡುಗಗ?” ಎಂದ ಅಪ್ಪ.

ಕಮಿಟಿಯವರು ಲಿಂಡೆಯನ್ನು ತೆಗೆದರು. ಅಪ್ಪ ಮುಂದಿನವನು ತಾನೇ ಎಂದುಕೊಂಡಿದ್ದ. ಅಷ್ಟು ವರ್ಷ ಬಾಟಲಿ ಹೊತ್ತಿದ್ದ, ಗೆರೆ ಎಳೆದಿದ್ದ, ಹುಡುಗರ ಕಣಕಾಲು ಉಜ್ಜಿದ್ದ. ಹೊಸ ಶರ್ಟು ಕೊಂಡ. ಅವರು ಟಿಲ್ ಎಂಬುವನನ್ನು ತಂದರು. ಮೂವತ್ತೂ ತುಂಬದ ಅವನು ಲ್ಯಾಪ್‌ಟಾಪ್ ಹಿಡಿದೇ ಮೈದಾನಕ್ಕೆ ಬರುತ್ತಿದ್ದ. ಅಪ್ಪ ಸಿಟ್ಟಾಗಲಿಲ್ಲ, ಅದಕ್ಕಿಂತ ಕೆಟ್ಟದ್ದನ್ನು ಮಾಡಿದ: ಮಾತು ನಿಲ್ಲಿಸಿದ. ಊರಿನಿಂದ ಅಜ್ಜಿಯ ಸುದ್ದಿ ಬಂದಾಗ ಅವ್ವ ಟಿಕೆಟ್ ನೋಡಲು ಕೂತಳು. ಅಪ್ಪ ಬೇಡವೆಂದ. ಸೀಸನ್ ಈಗಷ್ಟೇ ಶುರುವಾಗಿದೆ, ತಾನು ಹೋದರೆ ಟಿಲ್ ತನ್ನ ಗೆಳೆಯನನ್ನು ಅಸಿಸ್ಟೆಂಟ್ ಮಾಡಿಕೊಳ್ಳುತ್ತಾನೆ ಎಂದ. ಜನಾಜದ ನಮಾಜು ಮುಗಿಯಿತೆಂದು ಚಿಕ್ಕಪ್ಪ ಫೋನು ಮಾಡಿದಾಗ ಅಪ್ಪ ಮೈದಾನದಲ್ಲಿದ್ದ.

ಟಿಲ್‌ನ ಕಾಲದಲ್ಲೇ, ಅಪ್ಪ ಮತ್ತೆ ಮಾತು ಶುರುಮಾಡಿದಾಗ, ಮೂವರು ಕೋಚ್‌ಗಳ ಹೋಲಿಕೆ ಒಂದು ಕಾಯಿಲೆಯ ಹಾಗೆ ಬೆಳೆಯಿತು. ಊಟದ ಮೇಜಿನ ಮೇಲೆ ಖಾರದಪುಡಿಯ ಡಬ್ಬಿ ಕ್ರಾಮರ್, ಉಪ್ಪಿನದು ಲಿಂಡೆ, ಸಕ್ಕರೆಯದು ಟಿಲ್. ಯಾರು ಎಷ್ಟು ಗೆದ್ದರು, ಯಾವ ಆಟಗಾರರನ್ನಿಟ್ಟುಕೊಂಡು ಗೆದ್ದರು, ಮಳೆಯಲ್ಲಿ ಯಾರು ಮೇಲು, ಹೊರ ಊರಿನಲ್ಲಿ ಯಾರು ಮೇಲು. ಡಬ್ಬಿಗಳು ಹಿಂದೆ ಮುಂದೆ ಸರಿಯುತ್ತಿದ್ದವು. ನಾವು ಖಾರ ಬೇಕಾದರೂ ಕೇಳದೆ ಉಣ್ಣುತ್ತಿದ್ದೆವು. ಅವ್ವ ಮಾತ್ರ ಒಂದೇ ಮಾತು ಹೇಳುತ್ತಿದ್ದಳು.

“ಉಣ್ರಿ. ಆರಾಕತ್ತೈತಿ.”

ಮೂವರಲ್ಲಿ ಯಾರು ಮೇಲೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಅಪ್ಪ ಕೇಳಲೂ ಇಲ್ಲ.

ಅಷ್ಟರಲ್ಲಿ ಅನ್ವರ್ ಅದೇ ಕಾಲೇಜು ಸೇರಿದ್ದ. ಅವನಿಗೆ ಕಾರ್ಲ್ಸ್‌ರುಹೆಯಲ್ಲಿ ಸೀಟು ಸಿಗುತ್ತಿತ್ತು, ಇಲ್ಲೇ ಇರಲಿ ಎಂದವನು ಅಪ್ಪ. ಅಣ್ಣ ಎತ್ತರದವನು, ಚೆಂಡನ್ನು ತಲೆಯಿಂದ ಹೊಡೆಯುವುದರಲ್ಲಿ ಅವನನ್ನು ಮೀರಿಸುವವರು ತಂಡದಲ್ಲಿರಲಿಲ್ಲ. ನಗುಮುಖದವನು. ನನ್ನೊಂದಿಗೆ ಜರ್ಮನ್, ಅವ್ವನೊಂದಿಗೆ ಕನ್ನಡ, ಕಾಲೇಜಿಗೆ ಬೆಂಗಳೂರಿನಿಂದ ಬಂದ ಹುಡುಗರೊಂದಿಗೆ ‘ಗುರು’, ‘ಮಗಾ’ ಎನ್ನುತ್ತ ಅವರದೇ ಧಾಟಿ. ಒಂದು ಚಳಿಗಾಲದ ನಡುವೆ ಟಿಲ್, ದೊಡ್ಡ ಕ್ಲಬ್ಬೊಂದರಲ್ಲಿ ಕೆಲಸ ಸಿಕ್ಕಿ, ಹೊರಟುಹೋದ. ಸೀಸನ್ ಮುಗಿಯುವವರೆಗೆ ನೋಡಿಕೊಳ್ಳಿ ಎಂದು ಕಮಿಟಿಯವರು ಅಪ್ಪನಿಗೆ ಫೋನು ಮಾಡಿದರು. ಅಪ್ಪ ಫೋನಿಟ್ಟು, ಅಡುಗೆಮನೆಗೆ ಬಂದು, ಮರೆತು ನೆಟ್ಟಗೆ ನಿಂತು ತಲೆ ಬಡಿಸಿಕೊಂಡ. ನಾವೆಲ್ಲ ನಕ್ಕೆವು. ಅವ್ವ ಅವತ್ತು ಹಬ್ಬದ ಸಿಹಿ, ಮಾದಲಿ ಮಾಡಿದಳು.

ಕೆಲವು ವಾರ ನಮ್ಮ ಮನೆಯಷ್ಟು ಸುಖದ ಮನೆ ಆ ಬೀದಿಯಲ್ಲಿರಲಿಲ್ಲ. ತಂಡ ಗೆಲ್ಲತೊಡಗಿತು. ಅಪ್ಪನಿಗೆ ನಿಜವಾಗಿಯೂ ಆಟ ಗೊತ್ತಿತ್ತು. ಅಷ್ಟು ವರ್ಷ ಪಕ್ಕದಲ್ಲಿ ನಿಂತು ಮೂವರೂ ಮಾಡಿದ ತಪ್ಪುಗಳನ್ನು ನೋಡಿದ್ದ. ಆದರೆ ಗೆಲುವಿನ ಹಿಂದೆಯೇ ಹಳೆಯ ದನಿಯೂ ಬಂತು. ಊಟ ಮತ್ತೆ ಏಳಕ್ಕೆ ಸರಿಯಿತು. ಮೇಜಿನ ಮೇಲೆ ನಾಲ್ಕನೆಯ ಡಬ್ಬಿಯೊಂದು ಬಂದು, ಪ್ರತಿ ವಾರ ಖಾರದಪುಡಿಯ ಡಬ್ಬಿಯ ಹತ್ತಿರ ಹತ್ತಿರ ಸರಿಯಿತು.

“ಕ್ರಾಮರಗಿಂತ ಮುಂದ ಹೋಗಬೌದು ಈ ಸಲ,” ಎಂದ ಅಪ್ಪ ಒಂದು ದಿನ.

“ಹೋಗಿ?” ಎಂದಳು ಅವ್ವ.

ಅಪ್ಪ ನಾಲ್ಕನೆಯ ಡಬ್ಬಿಯನ್ನು ಇನ್ನೊಂದು ಬೆರಳಷ್ಟು ಮುಂದೆ ಸರಿಸಿದ.

ಕೊನೆಯ ಪಂದ್ಯಕ್ಕೆ ಮೊದಲಿನ ಪಂದ್ಯದಲ್ಲಿ ಅನ್ವರ್ ಚೆಂಡಿಗಾಗಿ ಮೇಲೆ ಹಾರಿದಾಗ ಎದುರಿನ ಗೋಲ್‌ಕೀಪರನ ಮೊಣಕಾಲು ಅವನ ಕಪಾಳದ ಮೇಲ್ಭಾಗಕ್ಕೆ ತಾಗಿತು. ಕ್ಷಣಹೊತ್ತು ಎಚ್ಚರ ತಪ್ಪಿತು. ಡಾಕ್ಟರು ನೋಡಿ, ಮೆದುಳಿಗೆ ಪೆಟ್ಟಾಗಿದೆ, ತಾವು ಮತ್ತೆ ನೋಡಿ ಹೇಳುವವರೆಗೆ ಆಟ ಬೇಡವೆಂದರು. ಅಣ್ಣ ಪರದೆ ಎಳೆದುಕೊಂಡು ಮಲಗಿದ. ವಾಂತಿ ಮಾಡಿಕೊಂಡ. ಎರಡು ಮೂರು ದಿನ ಕಳೆದ ಮೇಲೆ ಎದ್ದು ಓಡಾಡಿದ, ಆದರೆ ನೀರಿನ ಲೋಟ ಮೇಜಿನ ಮೇಲಿಡುವಾಗ ಅದರ ಅಂಚನ್ನು ಮೊದಲು ಬೆರಳಿನಿಂದ ತಡವಿ ಇಡುತ್ತಿದ್ದ. ಅವ್ವ ಇದನ್ನೆಲ್ಲ ನೋಡುತ್ತಿದ್ದಳು. ಪಂದ್ಯದ ಬೆಳಿಗ್ಗೆ ಅಪ್ಪ ಅನ್ವರನ ಕಿಟ್ಟನ್ನೂ ಬ್ಯಾಗಿಗೆ ತುಂಬುತ್ತಿದ್ದಾಗ ಅವಳು ಒಲೆ ಆರಿಸಿ ಬಂದಳು.

“ಇವತ್ತ ಅಂವ ಆಡಂಗಿಲ್ಲ.”

“ಆಡಂಗಿಲ್ಲ. ಬೆಂಚಿನ ಮ್ಯಾಲ ಕೂಡ್ತಾನ.”

“ಮತ್ತ ಬೂಟ್ ಯಾಕ?”

“ತಂಡದ ಜೋಡಿ ಕೂಡಬೇಕಂದ್ರ ಬೂಟ್ ಬೇಕಲ್ಲ.”

“ಡಾಕ್ಟರ್ ಏನಂದಾನ ನಿಮಗ ಗೊತ್ತೈತಿ.”

“ಗೊತ್ತೈತಿ. ಅದಕ್ಕ ಬೆಂಚ್ ಅಂದೆ.”

“ಅವ್ವಾ, ಬಿಡು,” ಎಂದ ಅನ್ವರ್ ಕೋಣೆಯ ಬಾಗಿಲಲ್ಲಿ ನಿಂತು. “ನಂಗ ಆರಾಮ ಆಗೈತಿ. ತಲಿ ಏನೂ ನೋಯಾಕತ್ತಿಲ್ಲ.”

“ನೋಯಾಕತ್ತಿಲ್ಲಂದ್ರ ಆ ಪರದೆ ಸರಸು.”

ಅನ್ವರ್ ಹೋಗಿ ಪರದೆ ಸರಿಸಿದ. ಬಿಸಿಲು ನೇರ ಅವನ ಮುಖಕ್ಕೆ ಬಿತ್ತು. ಅವನು ಕಣ್ಣು ಮುಚ್ಚಲಿಲ್ಲ, ನಗುತ್ತಲೇ ನಿಂತ. ಎರಡೂ ಕಣ್ಣಿನಿಂದ ನೀರು ಇಳಿಯಿತು. ಅವ್ವ ಅವನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅಪ್ಪ ಬ್ಯಾಗಿನ ಚೈನು ಎಳೆದು ಹೆಗಲಿಗೆ ಹಾಕಿಕೊಂಡ.

ಅವ್ವ ಬರಲಿಲ್ಲ. ನಾನು ಮೈದಾನದ ಕಲ್ಲುಮೆಟ್ಟಿಲ ಮೇಲೆ ಕೂತಿದ್ದೆ. ಗೆದ್ದರಷ್ಟೇ ಕಪ್ ನಮಗೆ, ಸಮವಾದರೆ ಇಲ್ಲ. ಎರಡನೆಯ ಅರ್ಧ ಮುಗಿಯುತ್ತ ಬಂದರೂ ಆಟ ಸಮವಾಗಿಯೇ ಇತ್ತು. ಅನ್ವರ್ ಬೆಂಚಿನಿಂದ ಎದ್ದು ಅಪ್ಪನ ಕಿವಿಯಲ್ಲಿ ಏನೋ ಹೇಳಿದ. ಅಪ್ಪ ಬೇಡವೆಂಬಂತೆ ಕೈ ಮಾಡಿದ. ಅನ್ವರ್ ಮತ್ತೆ ಹೇಳಿದ. ಅಪ್ಪ ಅವನನ್ನು ನೋಡಲೇ ಇಲ್ಲ, ಅಷ್ಟೂ ಹೊತ್ತು ಮೈದಾನವನ್ನೇ ನೋಡುತ್ತಿದ್ದ. ನನಗೆ ನೆನಪಿರುವುದು ಅದೇ. ಲಿಂಡೆ ಆ ಹುಡುಗನ ಕಣ್ಣು ನೋಡಿದ್ದ, ಅಪ್ಪ ನೋಡಲಿಲ್ಲ. ಆಮೇಲೆ ಅನ್ವರನನ್ನು ಒಳಗೆ ಬಿಡಲು ರೆಫರಿಗೆ ಕೈ ಎತ್ತಿದ.

ಮೂಲೆಯಿಂದ ಬಂದ ಚೆಂಡು. ಅಣ್ಣ ಎಲ್ಲರಿಗಿಂತ ಮೇಲೆ ಹಾರಿದ. ಗೋಲಾಯಿತು. ಹುಡುಗರೆಲ್ಲ ಅವನ ಮೇಲೆ ಬಿದ್ದರು, ಅಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ರಾಶಿ ಕರಗಿದ ಮೇಲೆ ಅನ್ವರ್ ಎದ್ದು ನಿಂತು, ತಾನೇ ಚಪ್ಪಾಳೆ ತಟ್ಟುತ್ತ, ನಮ್ಮ ಬೆಂಚಿನ ಕಡೆ ಬರುವ ಬದಲು ಎದುರು ತಂಡದ ಬೆಂಚಿನ ಕಡೆ ನಡೆದ. ಕೆಲವರು ನಕ್ಕರು, ಕೀಟಲೆ ಮಾಡುತ್ತಿದ್ದಾನೆ ಎಂದುಕೊಂಡರು. ಗೆರೆ ದಾಟುವ ಮೊದಲು ಮೊಣಕಾಲು ಮಡಚಿ ಕುಸಿದ.

ಆಸ್ಪತ್ರೆಯಲ್ಲಿ ತಲೆಬುರುಡೆ ತೆರೆದು ಆಪರೇಷನ್ ನಡೆಯುತ್ತಿದ್ದಾಗ ನಾವು ಮೂವರು ಹೊರಗೆ ಕೂತಿದ್ದೆವು. ಅಪ್ಪನ ಮೈಮೇಲೆ ಇನ್ನೂ ಆ ನೀಲಿ ಜಾಕೆಟ್ಟಿತ್ತು. ಅವ್ವ ಮನೆಯ ಚಪ್ಪಲಿಯಲ್ಲೇ ಬಂದಿದ್ದಳು. ಅಪ್ಪ ಮಾತಾಡಿದ, ಯಾರಿಗೆಂದಿಲ್ಲದೆ.

“ಅವನಽ ಕೇಳಿದ. ‘ನಾ ಹೊಕ್ಕೀನಿ’ ಅಂತ ಅವನಽ ಅಂದ.”

ಅವ್ವ ಆಪರೇಷನ್ ಕೋಣೆಯ ಬಾಗಿಲನ್ನೇ ನೋಡುತ್ತಿದ್ದಳು.

“ಕ್ರಾಮರ್ ಇದ್ದಿದ್ರೂ ಆಡಸ್ತಿದ್ದ.”

“ಲಿಂಡೆ ಆಡಸ್ತಿದ್ದಿಲ್ಲ,” ಎಂದಳು ಅವ್ವ.

ಅಷ್ಟು ವರ್ಷದ ಊಟದ ಮೇಜಿನ ಹೋಲಿಕೆಗೆ ಅವಳು ಸೇರಿಸಿದ್ದು ಅದೊಂದೇ ವಾಕ್ಯ. ಅಪ್ಪ ಎದ್ದು ಕಾರಿಡಾರಿನ ತುದಿಯವರೆಗೆ ಹೋಗಿ, ಗೋಡೆಗೆ ಮುಖ ಮಾಡಿ ನಿಂತ.

ಅನ್ವರ್ ಉಳಿದ. ಉಳಿದದ್ದು ಎಷ್ಟು ಎಂಬುದು ಆಮೇಲಿನ ತಿಂಗಳುಗಳಲ್ಲಿ ಒಂದೊಂದಾಗಿ ತಿಳಿಯುತ್ತ ಹೋಯಿತು. ಮಾತು ಬಂತು, ನಡುನಡುವೆ ನಿಲ್ಲುವ ಮಾತು. ಬಲಗೈ ನಡುಗುತ್ತದೆ. ಬೆಳಕು ತಡೆಯಲಾರ. ಆ ವಾರಕ್ಕೆ ಮೊದಲಿನದೆಲ್ಲ ನೆನಪಿದೆ. ಆ ವಾರವಿಲ್ಲ, ಆಮೇಲಿನದು ಕೆಲವು ನಿಲ್ಲುತ್ತದೆ, ಕೆಲವು ಜಾರುತ್ತದೆ. ಓದು ಮುಂದುವರಿಯಲಿಲ್ಲ. ಕಾಲೇಜಿನವರು ಯಾರನ್ನೂ ದೂರಲಿಲ್ಲ. ಹೂವು ತಂದರು, ಗೆದ್ದ ಕಪ್‌ನದೊಂದು ಸಣ್ಣ ನಕಲು ತಂದರು. ಅವ್ವ ಹೂವನ್ನು ನೀರಿಗಿಟ್ಟಳು, ಕಪ್ಪನ್ನು ನೆಲಮಾಳಿಗೆಗೆ ಒಯ್ದಳು. ಅಪ್ಪ ತಂಡ ಬಿಟ್ಟ, ಸ್ವಲ್ಪ ಕಾಲದ ಮೇಲೆ ಲ್ಯಾಬಿನಲ್ಲಿ ಅರ್ಧ ಕೆಲಸ ಕೇಳಿ ಪಡೆದ. ಅನ್ವರನ ಮುಖದ ಗಡ್ಡ ಹೆರೆಯುವುದು, ವ್ಯಾಯಾಮಕ್ಕೆ ಬಸ್ಸಿನಲ್ಲಿ ಕರೆದೊಯ್ಯುವುದು, ಕಚೇರಿಗಳ ಟರ್ಮೀನ್, ಅಂದರೆ ಗೊತ್ತುಮಾಡಿದ ದಿನ ವೇಳೆ, ನೆನಪಿಟ್ಟು ಕಾಗದ ಕೊಡುವುದು ಎಲ್ಲ ಅಪ್ಪನದೇ ಕೆಲಸವಾಯಿತು. ಅವ್ವ ಅಪ್ಪನನ್ನು ಬಿಟ್ಟು ಹೋಗಲಿಲ್ಲ. ಬೈಯಲೂ ಇಲ್ಲ. ಉಪ್ಪು, ಔಷಧಿ, ಬಾಡಿಗೆ, ಬಸ್ಸಿನ ವೇಳೆ, ಇಷ್ಟರ ಬಗ್ಗೆ ಮಾತಾಡಿದಳು. ಡಬ್ಬಿಗಳು ಶೆಲ್ಫಿಗೆ ಹೋದವು. ಆ ಮನೆಯಲ್ಲಿ ನಾನು ಶಾಲೆ ಮುಗಿಸಿದೆ.

ನಾನೀಗ ದೂರದ ನೊಯ್‌ಬಿಬರ್ಗ್ ಎಂಬ ಊರಿನಲ್ಲಿ ಕಂಪ್ಯೂಟರ್ ಚಿಪ್‌ಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮ ಆಫೀಸಿನ ತಂಡಕ್ಕೆ ಹೊಸ ಮ್ಯಾನೇಜರು ಬಂದಾಗಲೆಲ್ಲ ನನ್ನ ಸಹೋದ್ಯೋಗಿಗಳು ಅವನ ಹಿಂದಿನ ಕೆಲಸ, ಅವನ ಸಾಧನೆ ವಿಚಾರಿಸುತ್ತಾರೆ. ನಾನು ಅವನ ದನಿಯನ್ನು ಕೇಳಿಸಿಕೊಳ್ಳುತ್ತೇನೆ. ಈ ದನಿ ಇನ್ನು ಯಾರ ಯಾರ ಅಡುಗೆಮನೆಗೆ ಹೋಗುತ್ತದೆ ಎಂದು ಯೋಚಿಸುತ್ತೇನೆ. ಇದನ್ನು ನಾನು ಆರಿಸಿಕೊಂಡು ಕಲಿತದ್ದಲ್ಲ.

ಕಳೆದ ಚಳಿಗಾಲ ಕಾಲೇಜಿನಲ್ಲಿ ಹಳೆಯ ಆಟಗಾರರ ಕೂಟವಿತ್ತು. ಅಪ್ಪನಿಗೆ ಬರಲೇಬೇಕೆಂದು ಹೇಳಿಕಳಿಸಿದ್ದರು. ಅಪ್ಪ ಹೋಗುವುದಿಲ್ಲವೆಂದುಕೊಂಡಿದ್ದೆ, ಹೋಗೋಣ ಎಂದ, ಅನ್ವರನೂ ಬರಲಿ ಎಂದ. ನಾನು ರಜೆ ಹಾಕಿ ಬಂದೆ. ಮಧ್ಯಾಹ್ನದ ಆ ಸಭೆಯಲ್ಲಿ ಒಬ್ಬ ವಿದ್ಯಾರ್ಥಿ ಗೋಡೆಯ ಮೇಲೆ ಚಿತ್ರ ಬಿಟ್ಟು, ತಂಡದ ಎಲ್ಲ ಹೆಡ್ ಕೋಚ್‌ಗಳ ಗೆಲುವು ಸೋಲು ಹೋಲಿಸಿ ತೋರಿಸಿದ. ಕ್ರಾಮರ್ ಗೆದ್ದ ಪಂದ್ಯಗಳು ಹೆಚ್ಚು. ಆದರೆ ಆಡಿದ್ದರಲ್ಲಿ ಗೆದ್ದ ಪಾಲು ನೋಡಿದರೆ ಎಲ್ಲರಿಗಿಂತ ಮೇಲಿದ್ದದ್ದು ಅರ್ಧ ಸೀಸನ್ ಮಾತ್ರ ನಡೆಸಿದ ರಾಜಾ ನದಾಫ್. ಕೆಳಗಿನ ಸಾಲಿನಲ್ಲಿ ಲಿಂಡೆ. ಸಭೆ ಚಪ್ಪಾಳೆ ತಟ್ಟಿತು. ಕಪ್ಪು ಕನ್ನಡಕ ಹಾಕಿ ನನ್ನ ಪಕ್ಕ ಕೂತಿದ್ದ ಅನ್ವರ್ ಎಲ್ಲರೂ ನಿಲ್ಲಿಸಿದ ಮೇಲೂ ತಟ್ಟುತ್ತಿದ್ದ. ಎರಡು ಮಾತಾಡಿ ಎಂದು ಅಪ್ಪನ ಕೈಗೆ ಮೈಕು ಕೊಟ್ಟರು.

“ಲೆಕ್ಕ ಸರಿಯಾಗಿದೆ,” ಎಂದ ಅಪ್ಪ ಜರ್ಮನ್‌ನಲ್ಲಿ. “ಆದರೆ ನಮ್ಮೆಲ್ಲರಲ್ಲಿ ಒಳ್ಳೆಯ ಕೋಚ್ ಲಿಂಡೆ.”

ಸಭೆ ನಕ್ಕಿತು. ಸಂಕೋಚದ ಮನುಷ್ಯ, ವಿನಯಕ್ಕೆ ಹೇಳುತ್ತಿದ್ದಾನೆ ಎಂದುಕೊಂಡರು. ಅಪ್ಪ ನಗು ನಿಲ್ಲಲಿ ಎಂದು ಕಾದ. ಅವನು ಇನ್ನೂ ಹೇಳುವುದಿತ್ತು, ಬಾಯಿ ತೆರೆದಿತ್ತು. ನಗು ಚಪ್ಪಾಳೆಗೆ ತಿರುಗಿತು. ಆ ವಿದ್ಯಾರ್ಥಿ ಅಪ್ಪನ ಭುಜ ತಟ್ಟಿ ಮೈಕು ಹಿಂದೆ ತೆಗೆದುಕೊಂಡು ಮುಂದಿನ ಚಿತ್ರಕ್ಕೆ ಹೋದ. ಮೂರನೆಯ ಸಾಲಿನಲ್ಲಿ, ಕೋಲು ಹಿಡಿದು ಕೂತಿದ್ದ ಮುದುಕ ಲಿಂಡೆಯೊಬ್ಬನೇ ನಗಲಿಲ್ಲ. ಅವನು ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ.

ವಾಪಸು ಬಸ್ಸಿನಲ್ಲಿ ಅನ್ವರ್ ಕಿಟಕಿಗೆ ಬೆನ್ನು ಮಾಡಿ, ಅಪ್ಪನ ಕಡೆ ತಿರುಗಿ ಕೂತ.

“ಅಪ್ಪಾ, ಯಾಕ... ಸುಳ್ಳ ಹೇಳ್ದಿ?”

“ಏನ್ ಸುಳ್ಳ?”

“ಲಿಂಡೆ ಅಂತ. ಲಿಂಡೆ ಇದ್ದಾಗ... ನಾವು ಬರೇ ಸೋತ್ವಿ.”

“ಹೌದು. ಸೋತ್ವಿ.”

“ನಿನ್ನ ಟೈಮಿಗೆ... ಗೆದ್ವಲ್ಲ. ಕಡೀ ಮ್ಯಾಚ್.”

“ಗೆದ್ವಿ.”

“ಗೋಲ್ ಯಾರ ಹೊಡದ್ರು?”

“ನೀನಽ ಹೊಡದಿ.”

ಅನ್ವರನ ಮುಖ ಅರಳಿತು. ಈ ಪ್ರಶ್ನೆಯನ್ನು ಅವನು ಎಷ್ಟು ಸಲ ಕೇಳಿದ್ದಾನೋ, ಅಪ್ಪ ಎಷ್ಟು ಸಲ ಇದೇ ಉತ್ತರ ಕೊಟ್ಟಿದ್ದಾನೋ. ಪ್ರತಿ ಸಲವೂ ಅಣ್ಣನಿಗೆ ಇದು ಹೊಸ ಸುದ್ದಿ. ‘ಹೆಂಗ ಹೊಡದೆ’ ಎಂದು ಕೇಳಿದ. ಮೂಲೆಯಿಂದ ಚೆಂಡು ಬಂದದ್ದು, ಅವನು ಎಲ್ಲರಿಗಿಂತ ಮೇಲೆ ಹಾರಿದ್ದು, ಅಪ್ಪ ಒಂದನ್ನೂ ಬಿಡದೆ ಹೇಳಿದ. ಗೋಲಿನವರೆಗೆ ಹೇಳಿ ನಿಲ್ಲಿಸಿದ.

ಮನೆಯಲ್ಲಿ ಅವ್ವ ಬಾಗಿಲು ತೆಗೆದಳು. ಸಭೆ ಹೇಗಾಯಿತೆಂದು ಕೇಳಲಿಲ್ಲ. ಅನ್ವರನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಕನ್ನಡಕ ತೆಗೆದುಕೊಂಡು, ಅವನ ಕಣ್ಣಿಗೆ ಚುಚ್ಚಬಾರದೆಂದು ನಡುಮನೆಯ ದೀಪ ಆರಿಸಿದಳು. ಅಪ್ಪ ನೆಲದ ಮೇಲೆ ಕೂತು, ಆ ಕತ್ತಲಲ್ಲಿ, ಅನ್ವರನ ಬೂಟಿನ ಲೇಸಿನ ಗಂಟನ್ನು ಬೆರಳಿನಿಂದ ಹುಡುಕಿದ. ವಯಸ್ಸಾದ ಬೆರಳುಗಳು, ಗಂಟು ಬಿಗಿಯಾಗಿತ್ತು. ಅವ್ವ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಅವನು ಬಿಚ್ಚಿ ಮುಗಿಸುವವರೆಗೆ ಕಾದಳು.